ಶಾಲೆ ಖಾಲಿಯಾದದ್ದು ಯಾರಿಂದ

ಹೆಬ್ಬಗೋಡಿ
೧೧ ಜುಲೈ ೨೦೨೫, ಶುಕ್ರವಾರ

ಮಾವನವರಿಗೆ ನಿಮ್ಮ ಸೊಸೆ ಮಹಾಲಕ್ಷ್ಮಿಯ ನಮಸ್ಕಾರ.

ಮಂಡಿ ಆಪರೇಷನ್ ಆದಮೇಲೆ ಹೊಸೂರಿನಲ್ಲಿ ವನಜಾ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ ಅಂತ ಗೊತ್ತು. ಮಗಳ ಮನೆ ಊಟ ಅಂದಮೇಲೆ ಕೇಳಬೇಕೆ. ಆದರೂ ನೋವು ಇಳಿಯಿತಾ? ಕೋಲು ಬಿಟ್ಟು ಓಡಾಡುವ ಪೌರುಷ ಬೇಡ. ಫೋನಿನಲ್ಲಿ ನಿಮಗೆ ಕೇಳಿಸುವುದು ಅರ್ಧ, ಕೇಳಿಸದ ಹಾಗೆ ಇರುವುದು ಇನ್ನರ್ಧ. ಅದಕ್ಕೇ ಈ ಕಾಗದ.

ವಿಷಯ ನಮ್ಮೂರ ಸರ್ಕಾರಿ ಶಾಲೆಯದು. ನಿಮ್ಮ ಕಾಲದಲ್ಲಿ ಊರ ಹಿರಿಯರು ಹೇಳಿದ್ದೇ ಅಲ್ಲಿ ನಡೆಯುತ್ತಿತ್ತು. ಕುಡಿದು ಬಂದ ಮೇಷ್ಟ್ರನ್ನು ನೀವೇ ಬಸ್ಸು ಹತ್ತಿಸಿ ಕಳಿಸಿದ ಕಥೆ ಎಷ್ಟು ಸಲ ಹೇಳಿಲ್ಲ. ಆಮೇಲೆ ಸರ್ಕಾರ, ತಂದೆ ತಾಯಿಯರೇ ಸಮಿತಿ ಮಾಡಿಕೊಳ್ಳಿ, ಶಾಲೆ ನಿಮ್ಮದು, ತೀರ್ಮಾನವೂ ನಿಮ್ಮದು ಅಂದಿತು. ನಮ್ಮ ದೀಪು ಅಲ್ಲೇ ಓದುತ್ತಾನೆ ಅಂತ ನನ್ನನ್ನು ಅಧ್ಯಕ್ಷೆ ಮಾಡಿದರು. ಊರಿನ ಉಳಿದ ಮನೆಗಳ ಮಕ್ಕಳು ಹಳದಿ ಬಸ್ಸಿನಲ್ಲಿ ಇಂಗ್ಲಿಷ್ ಸ್ಕೂಲಿಗೆ ಹೋಗುವವರು, ಅವರ ಅಪ್ಪ ಅಮ್ಮಂದಿರಿಗೆ ಈ ಕುರ್ಚಿ ಬೇಡವಾಗಿತ್ತು. ನನಗೆ ಹೆಮ್ಮೆ ಆಗಿತ್ತು ಮಾವ, ಸುಳ್ಳು ಹೇಳುವುದಿಲ್ಲ. ಆದರೆ ಗಣಿತಕ್ಕೊಬ್ಬ ಮೇಷ್ಟ್ರನ್ನು ಕೊಡಿ ಅಂದರೆ ಅದು ಸಮಿತಿ ಕೇಳುವಂಥದ್ದಲ್ಲ ಅಂದರು ಶಿಕ್ಷಣ ಇಲಾಖೆ ಆಫೀಸಿನವರು. ಮಕ್ಕಳು ಕಡಿಮೆಯಾದಾಗ ಮಾತ್ರ ಉತ್ತರ ಕೊಡಬೇಕಾದವರು ನಾವಂತೆ.

ಕಡಿಮೆಯಾಗದೆ ಇನ್ನೇನು? ಓದುತ್ತಿದ್ದವರೆಲ್ಲ ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಹೋಗುವ ರಾಯಚೂರು, ಒಡಿಶಾ ಕಡೆಯವರ ಮಕ್ಕಳು, ನಮ್ಮೂರ ವಠಾರಗಳಲ್ಲಿ ಬಾಡಿಗೆಗೆ ಇದ್ದವರು. ಊರಿನವರು ಒಬ್ಬೊಬ್ಬರಾಗಿ ವಠಾರ ಕೆಡವಿ, ಕೆಲಸಕ್ಕೆ ಹೋಗುವ ಒಂಟಿ ಹುಡುಗರಿಗೆ ಅಂತ ಪಿಜಿ ಕಟ್ಟಿದರು. ಪಿಜಿಯಲ್ಲಿ ಮಕ್ಕಳು ಎಲ್ಲಿಂದ ಬರಬೇಕು? ಈಗ ಉಳಿದಿರುವುದು ನಮ್ಮದೊಂದೇ. ಅದನ್ನೂ ಕೆಡವುತ್ತೇನೆ ಅಂತ ನಿಮ್ಮ ಕಿರಿಮಗ ಚಿರಂಜೀವಿ ಕುಣಿಯುತ್ತಿದ್ದಾನೆ. ಅದು ಹೋದರೆ ನಮ್ಮ ಶಾಲೆ ಮುಚ್ಚಿ ಹೊಸೂರು ರಸ್ತೆ ಆಚೆಯ ಶಾಲೆಗೆ ಸೇರಿಸುತ್ತಾರೆ. ಅಲ್ಲೊಂದು ಇಲ್ಲೊಂದು ಶೆಡ್ಡಿನಲ್ಲಿ ಉಳಿಯುವ ಚಿಕ್ಕ ಮಕ್ಕಳು ಆ ಲಾರಿಗಳ ನಡುವೆ ದಾಟಿಕೊಂಡು ಓದಲು ಹೋಗುವುದಿಲ್ಲ.

ಮೊನ್ನೆ ಆಫೀಸಿನಿಂದ ಬಂದವರು ಹೆಡ್‌ಮೇಡಂ ಉಮಾಶ್ರೀ ಅವರನ್ನು ನಮ್ಮೆಲ್ಲರ ಮುಂದೆ ನಿಲ್ಲಿಸಿ ಬೈದರು. ಮಕ್ಕಳು ಬಿಟ್ಟುಹೋಗಲು ಅವರ ನಿರ್ಲಕ್ಷ್ಯವೇ ಕಾರಣ ಅಂತ ಸಮಿತಿ ಬರೆದುಕೊಡಬೇಕಂತೆ. ಬೆಳಿಗ್ಗೆ ವಠಾರ ಸುತ್ತಿ, ಮಲಗಿದ ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸು ಅವರು. ಬೈದವರು ಹೋದಮೇಲೆ ನನ್ನ ಹತ್ತಿರ ಬಂದು, "ನಾನು ಮಕ್ಕಳನ್ನ ಎಲ್ಲಿಂದ ತರ್ಲಿ ಮಹಾಲಕ್ಷ್ಮಿ? ನಿಮ್ಮನೇಲಾದ್ರೂ ಒಂದ್ಮಾತು ಕೇಳಿ" ಅಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ವಠಾರ ನಿಮ್ಮ ಹೆಸರಿನಲ್ಲಿದೆ. ಈ ವರ್ಷದ ಪರೀಕ್ಷೆ ಮುಗಿಯುವವರೆಗಾದರೂ ಬೇಡ ಅಂತ ಅವನಿಗೆ ಹೇಳಿ. ನಿಮ್ಮ ಮಾತು ಮೀರುವವನಲ್ಲ.

ವನಜಾಳನ್ನೂ ಮಕ್ಕಳನ್ನೂ ಕೇಳಿದೆ ಅಂತ ಹೇಳಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಸೊಸೆ
ಮಹಾಲಕ್ಷ್ಮಿ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಜೆಸಿಬಿ ಬಂತು. ಅಡ್ಡ ಹೋಗಿ ನಿಂತೆ. ಬೆಳಿಗ್ಗೆ ವನಜಾ ಫೋನಿನಿಂದ ಅಪ್ಪನೇ ಒಪ್ಪಿಗೆ ಕೊಟ್ಟರು ಅಂದ ಚಿರಂಜೀವಿ. ವಠಾರದವರು ಪಾತ್ರೆ, ಹಾಸಿಗೆ ಬೀದಿಗೆ ತರುತ್ತಿದ್ದಾರೆ, ಮಕ್ಕಳೂ ಯೂನಿಫಾರಂನಲ್ಲೇ ಹೊರುತ್ತಿದ್ದಾರೆ. ಸೋಮವಾರ ಸಮಿತಿ ಸಭೆ. ಶಾಲೆ ಖಾಲಿಯಾಗಲು ಯಾರು ಕಾರಣ ಅಂತ ಅಧ್ಯಕ್ಷೆಯಾದ ನಾನು ಬರೆದು ಸಹಿ ಹಾಕಬೇಕು. ಉಮಾಶ್ರೀ ಮೇಡಂ ಹೆಸರು ಬರೆಯುವುದಿಲ್ಲ. ನಿಮ್ಮ ಹೆಸರು ಬರೆಯುತ್ತೇನೆ, ಮಾವ.