ಗೆದ್ದು ಕೆಟ್ಟ ಭಾನುವಾರ

ಅಪ್ಪ,

ನಮ್ಮವರು ಇವತ್ತು ಗೆದ್ದುಬಿಟ್ಟರು. ನೀನಿಲ್ಲದ ಈ ಮೊದಲ ಅಮೆರಿಕನ್ ಫುಟ್‌ಬಾಲ್ ಸೀಸನ್ನಿನಲ್ಲಿ ನಿನ್ನೆಯವರೆಗಿನ ಹದಿನಾರು ಆಟಗಳಲ್ಲಿ ಗೆದ್ದದ್ದು ಒಂದೇ. ಇವತ್ತಿನದು ಕೊನೆಯ ಆಟ. ಸೋತಿದ್ದರೆ ಲೀಗಿನಲ್ಲೇ ಕಟ್ಟಕಡೆ, ಕಟ್ಟಕಡೆಯ ತಂಡಕ್ಕೇ ಮುಂದಿನ ವರ್ಷ ಕಾಲೇಜಿನಿಂದ ಬರುವ ಹೊಸ ಆಟಗಾರರಲ್ಲಿ ಮೊದಲ ಆಯ್ಕೆ. ಹಾಗಾಗಿ ಇಡೀ ಸ್ಟೇಡಿಯಂ ಸೋಲಿಗೆ ಕಾದು ಕೂತಿತ್ತು.

ನಮ್ಮ ಹಿಂದಿನ ಸೀಟಿನ ಲೊರೇನ್, ತಂಡದ ಸೋಲಿನ ನಾಚಿಕೆಗೆ ತಲೆಗೆ ಕಾಗದದ ಚೀಲ ಹಾಕಿಕೊಂಡು, "ಇವತ್ತೊಂದಿನ ಗೆಲ್ಲಬೇಡ್ರೋ, ನಿಮ್ಮ ಕಾಲಿಗೆ ಬೀಳ್ತೀನಿ," ಅಂತ ಗೊಣಗುತ್ತಿದ್ದಳು.

ನಾಲ್ಕು ಸೆಕೆಂಡು ಉಳಿದಿತ್ತು, ಎರಡು ಅಂಕ ಹಿಂದಿದ್ದೆವು. ವರ್ಷವಿಡೀ ಹತ್ತಿರದ್ದನ್ನೂ ತಪ್ಪಿಸಿದ್ದ ನಮ್ಮ ಕಿಕ್ಕರ್, ಸರೋವರದ ಹಿಮಗಾಳಿಗೆ ಎದುರಾಗಿ ಐವತ್ತೊಂದು ಗಜದಿಂದ ಒದ್ದ. ಚೆಂಡು ಕಂಬಕ್ಕೆ ತಾಗಿ ಒಳಗೆ ಬಿತ್ತು, ಮೂರು ಅಂಕ. ಲೊರೇನ್ ಚೀಲ ಹರಿದೆಸೆದು ನನ್ನನ್ನು ತಬ್ಬಿಕೊಂಡು, "ಹಾಳಾಗೋಯ್ತು ಕಣೇ, ಎಲ್ಲಾ ಹಾಳಾಗೋಯ್ತು," ಅಂತ ಕುಣಿದಳು. ನಾನೂ ಕುಣಿದೆ. ಕೂಗಿ ಕೂಗಿ ಗಂಟಲು ಕಟ್ಟಿದೆ.

ಕಳೆದ ವರ್ಷ ಕೊನೆಯ ಆಟಕ್ಕೆ ನೀನು ಕರೆದಾಗ, "ಸೋಲೋದನ್ನ ನೋಡೋಕೆ ಯಾರು ಬರ್ತಾರಪ್ಪ," ಅಂದಿದ್ದೆ. ನೀನು ಎರಡೂ ಟಿಕೆಟ್ ಜೇಬಿಗಿಟ್ಟುಕೊಂಡು ಒಬ್ಬನೇ ಹೋದೆ.

ಇವತ್ತು ನಾನೂ ಎರಡು ಟಿಕೆಟ್ ತೋರಿಸಿದೆ. ಗೇಟಿನವನು, "ಇನ್ನೊಬ್ರು ಎಲ್ಲಿ?" ಅಂದ.

"ಕಾರ್ ನಿಲ್ಲಿಸ್ತಿದಾರೆ, ಬರ್ತಾರೆ," ಅಂದೆ.