ಎಡಗಡೆಯ ಬಿಳಿ

ಮುಳಬಾಗಿಲು
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಸುನಂದ ಅತ್ತಿಗೆಗೆ ಶ್ರೀವಾಣಿಯ ನಮಸ್ಕಾರಗಳು.

ಹಬ್ಬಕ್ಕೆ ನೀವು ಕಳಿಸಿದ ಸೀರೆ ತಲುಪಿತೆಂದು ತಿಳಿಸುವುದಕ್ಕೇ ಇಷ್ಟು ತಡಮಾಡಿದೆ, ಬೈದುಕೊಳ್ಳಿ. ಈ ಕಾಲದಲ್ಲೂ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನು ಹಿಡಿದರೆ ನಿಮ್ಮ ತಮ್ಮ ಪಕ್ಕಕ್ಕೇ ಬಂದು ಕೂತು, "ಅಕ್ಕಂಗೆ ಏನ್ ಚಾಡಿ ಹೇಳ್ತಿದೀಯ?" ಎನ್ನುತ್ತಾರೆ. ಇವತ್ತು ಚಿತ್ರ ಬರೆಯಲು ಕುರುಡುಮಲೆಗೆ ಹೋಗಿದ್ದಾರೆ, ಬಸ್ಸಿನಲ್ಲಿ. ಸ್ಕೂಟರಿನ ಕೀಲಿಯನ್ನು ನಿಮ್ಮಮ್ಮ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾರೆ. ಈಗ ಫೋನು ಮಾಡಬಹುದಿತ್ತು, ಮಾಡಿದರೆ ಬರೀ ಅಳುತ್ತೇನೆ. ನನಗೆ ತುಂಬಾ ಭಯವಾಗಿದೆ ಅತ್ತಿಗೆ.

ಹೋದ ತಿಂಗಳು ಕೋಲಾರದಲ್ಲಿ ಇವರ ಚಿತ್ರಗಳ ಪ್ರದರ್ಶನವಾಯಿತಲ್ಲ, ಎಲ್ಲವೂ ಕಪ್ಪು ಶಾಯಿಯವು. ದೇವಸ್ಥಾನದ ಕಂಬಗಳು, ಮೆಟ್ಟಿಲ ಮೇಲೆ ಕೂತ ಹೆಂಗಸರು, ಟೊಮೆಟೊ ಮಾರ್ಕೆಟ್ಟಿನ ಹಮಾಲರು. ಹೊಸ ಚಿತ್ರಗಳಲ್ಲೆಲ್ಲ ಎಡಗಡೆ ಕಾಗದ ಖಾಲಿ. ವಿಮರ್ಶಕರೆಂದು ಬಂದಿದ್ದ ಅರುಣ್‌ಕುಮಾರ್ ಒಂದೊಂದರ ಮುಂದೆಯೂ ನಿಂತು, "ಈ ಬಿಳಿ ನೋಡಿದ್ರೆ ಭಯ ಆಗುತ್ತೆ ಸರ್. ಮನುಷ್ಯನ ಒಂಟಿತನಾನ ಹಿಂಗೆ ಯಾರೂ ಬರ್ದಿಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ಇವರು ಪೆಚ್ಚಾಗಿ, "ಯಾವ ಬಿಳಿ?" ಎಂದರು. ತಮಾಷೆಯೆಂದುಕೊಂಡು ಎಲ್ಲರೂ ನಕ್ಕೆವು.

ಗೌರಿ ಹಬ್ಬದ ದಿನ ಎಲೆ ಹಾಕಿ ಬಡಿಸಿದೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಎಲೆಯ ಎಡತುದಿಗೆ. ಇವರು ಸಾರನ್ನ ಕಲಸಿಕೊಳ್ಳುತ್ತಾ, "ಈ ಸಲ ಕೋಸಂಬರಿ ಮಾಡ್ಲಿಲ್ವೇನೇ?" ಎಂದರು. ನಿಮ್ಮಮ್ಮ ಎಂದಿನಂತೆ ತೆಲುಗು ಬೆರೆಸಿ, "ಇದೇಮಿರಾ, ಎಲೆ ಮೇಲೇ ಇದ್ಯಲ್ಲೋ" ಎಂದು ಎಲೆಯನ್ನು ಕೊಂಚ ಬಲಕ್ಕೆ ಎಳೆದರು. ಆಗ ಕಂಡಿತು. "ಓ, ಈಗ ಬಡಿಸಿದ್ಯಾ" ಎಂದು ತಿಂದರು.

ಊಟ ಮುಗಿಸಿ ಇವರು ಮಲಗಿದ ಮೇಲೆ ಹಳೆಯ ಚಿತ್ರಗಳನ್ನೂ ಹೊಸವನ್ನೂ ಹಜಾರದಲ್ಲಿ ಹರಡಿಕೊಂಡು ಕೂತೆ. ಕೈ ನಡುಗಿದೆಯೇ ಎಂದು ಮೊದಲು ಹುಡುಕಿದೆ. ಇಲ್ಲ, ಗೆರೆ ಗಟ್ಟಿಯಾಗಿಯೇ ಇದೆ. ಹಳೆಯ ಚಿತ್ರಗಳಲ್ಲೂ ಬಿಳಿ ಜಾಗ ಬೇಕಾದಷ್ಟಿದೆ. ಆದರೆ ಅಲ್ಲಿ ಗೆರೆ ಬಿಳಿಯ ಹತ್ತಿರ ಬರುತ್ತಾ ಸಣ್ಣಗಾಗುತ್ತದೆ, ಚುಕ್ಕಿಚುಕ್ಕಿಯಾಗಿ ಮೆಲ್ಲಗೆ ನಿಲ್ಲುತ್ತದೆ. ಬೇಕೆಂದೇ ಬಿಟ್ಟದ್ದೆಂದು ತಿಳಿಯುತ್ತದೆ, ನೋಡಿದರೆ ಮನಸ್ಸಿಗೆ ಹಾಯೆನಿಸುತ್ತದೆ. ಹೊಸವುಗಳಲ್ಲಿ ದಪ್ಪ ಗೆರೆ ದಪ್ಪವಾಗಿಯೇ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತುಬಿಟ್ಟಿದೆ. ಹೆಂಗಸಿಗೆ ಒಂದೇ ತೋಳು. ಹಮಾಲನ ತಲೆಯ ಮೇಲೆ ಅರ್ಧ ಬುಟ್ಟಿ. ಒಂಟಿತನವೂ ಇಲ್ಲ, ಮಣ್ಣೂ ಇಲ್ಲ ಅತ್ತಿಗೆ. ಆ ಕಡೆ ಕಾಗದವಿದೆಯೆಂಬುದೇ ಇವರಿಗೆ ಕಂಡಿಲ್ಲ.

ಮೊನ್ನೆ ಮಗಳನ್ನು ಸ್ಕೂಲಿನಿಂದ ಕರೆತರುವಾಗ ಎಡಗಡೆ ನಿಂತಿದ್ದ ಆಟೋಗೆ ಸ್ಕೂಟರ್ ಗುದ್ದಿಸಿದರು. ಪುಣ್ಯಕ್ಕೆ ಶಿವಾನಿಗೆ ಮಂಡಿ ತರಚಿತು, ಅಷ್ಟೆ. ಆಟೋದ ಮುನೇಶ್, "ಏನ್ ಸ್ವಾಮಿ, ಇಷ್ಟ್ ದೊಡ್ಡ ಗಾಡಿ ಕಾಣಿಸ್ಲಿಲ್ವಾ?" ಎಂದರೆ, "ಇಲ್ಲಿ ಯಾವ ಗಾಡೀನೂ ಇರ್ಲಿಲ್ಲ, ನೀನೇ ನುಗ್ಗಿದ್ದು" ಎಂದು ಜಗಳಕ್ಕೆ ನಿಂತರಂತೆ.

ನಮ್ಮ ಡಾಕ್ಟರಿಗೆ ಗುಟ್ಟಾಗಿ ಎಲ್ಲ ಹೇಳಿದೆ. ಕಣ್ಣಿನದಲ್ಲ, ತಲೆಯೊಳಗಿನದಿರಬಹುದು, ತಡಮಾಡದೆ ಸ್ಕ್ಯಾನ್ ಮಾಡಿಸಿ ಎಂದರು. ಇವರ ಮುಂದೆ ಬಾಯಿ ತೆಗೆದರೆ, "ಅಷ್ಟು ದೊಡ್ಡವರು ಹೊಗಳಿದ್ದನ್ನ ನೀನು ಕಾಯಿಲೆ ಅಂತೀಯಾ? ಸುಮ್ನೆ ಇರೇ" ಎಂದು ರೇಗುತ್ತಾರೆ. ಆ ಹೊಗಳಿಕೆಗೆ ಬೆಂಕಿ ಬೀಳಲಿ. ಚಿಕ್ಕಂದಿನಲ್ಲಿ ಇವರ ಕೈ ಹಿಡಿದು ಗೆರೆ ಎಳೆಯಲು ಕಲಿಸಿದವರು ನೀವು, ನಿಮ್ಮ ಮಾತು ಮೀರುವುದಿಲ್ಲ. ಈ ಕಾಗದದ ಜೊತೆ ಒಂದು ಹಳೆಯ ಚಿತ್ರ, ಒಂದು ಹೊಸದು ಇಟ್ಟು, ನಾಳೆ ಬೆಳಿಗ್ಗೆ ಮಾಲೂರಿಗೆ ಬರುವ ಪಕ್ಕದ ಮನೆ ವೆಂಕಟ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವೇ ನೋಡಿ. ನೋಡಿದ ಕೂಡಲೇ ಹೊರಟು ಬನ್ನಿ, ಬೈದಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ.

ನಿಮ್ಮ ಮಕ್ಕಳಿಗೆ ನನ್ನ ಆಶೀರ್ವಾದ. ನಿಮ್ಮ ಆಶೀರ್ವಾದ ನಿಮ್ಮ ತಮ್ಮನ ಮೇಲಿರಲಿ, ಸದ್ಯಕ್ಕೆ ನನಗೆ ಬೇರೇನೂ ಬೇಡ.

ಇಂತಿ ನಿಮ್ಮ
ಶ್ರೀವಾಣಿ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿಮಗೆ ಕಳಿಸೋಣವೆಂದು ನಿನ್ನೆ ನನ್ನದೂ ಶಿವಾನಿಯದೂ ಒಂದು ಚಿತ್ರ ಬರೆಸಿದೆ. ಮಗು ಇವರ ಎಡಕ್ಕೆ ಬರುವಂತೆ ನನಗೊರಗಿ ಕೂತಿತ್ತು. ಬರೆದು ಮುಗಿಸಿ, ಖುಷಿಯಾಗಿ ತಿರುಗಿಸಿ ತೋರಿಸಿದರು. ಚಿತ್ರದಲ್ಲಿ ನಾನೊಬ್ಬಳೇ ಇದ್ದೆ. "ಅಪ್ಪ, ನಾನೆಲ್ಲಿ?" ಎಂದಳು. "ನೀನು ಕೂತೇ ಇರ್ಲಿಲ್ವಲ್ಲೇ ಪುಟ್ಟಿ" ಎಂದರು. ಅವಳು ಅಳಲಿಲ್ಲ. ಎದ್ದು ಬಂದು ನನ್ನ ಈ ಪಕ್ಕಕ್ಕೆ, ಇವರ ಬಲಕ್ಕೆ ಕೂತು, "ಈಗ ಕಾಣ್ತೀನಾ ಅಪ್ಪ?" ಎಂದು ಕೇಳಿದಳು.