ಮೆಡಿಕಲ್ ಮುಗೀಲಿ, ಆಮೇಲೆ

ಫೆಬ್ರವರಿ 9, ಭಾನುವಾರ, ಸಂಜೆ 5

ಇವರು ತಿರುವನಂತಪುರಕ್ಕೆ ಹೋಗಿದಾರೆ. ತಿಂಗಳಿಗೆ ಎರಡು ಭಾನುವಾರ ಇದೇ ಕಥೆ. ಬೆಳಗಿನ ಟ್ರೈನು, ಫ್ಲೈಯಿಂಗ್ ಕ್ಲಬ್ಬು, ಮುಕ್ಕಾಲು ಗಂಟೆ ಆಕಾಶ, ವಾಪಸ್ ಕೊಚ್ಚಿ. ಮನೇಲಿ ಬಲ್ಬ್ ಬದಲಾಯಿಸ್ರೀ ಅಂದ್ರೆ ಸ್ಟೂಲ್ ಹತ್ತೋಕೆ ಭಯ! ಟೆಲಿಕಾಂ ಆಫೀಸಿನ ನಿತ್ಯಾನಂದ ಪುಟಾಣಿ ವಿಮಾನ ಓಡಿಸ್ತಾರೆ ಅಂದ್ರೆ ನಮ್ಮ ಬ್ಯಾಂಕಲ್ಲಿ ಇವತ್ತಿಗೂ ಯಾರೂ ನಂಬಲ್ಲ.

ಲೈಸೆನ್ಸ್ ಒಂದು ಸಲ ತಗೊಂಡ್ರೆ ಮುಗೀತು ಅಂದ್ಕೊಂಡಿದ್ದೆ. ಎಲ್ಲಿ! ಹಸು ಸಾಕಿದ ಹಾಗೆ ಅದು. ವರ್ಷಕ್ಕೆ ಇಷ್ಟು ಗಂಟೆ ಅಂತ ಹಾರಿರಬೇಕು. ತೊಂಬತ್ತು ದಿನದೊಳಗೆ ಮೂರು ಸಲ ಏರಿಸಿ ಇಳಿಸಿರಬೇಕು, ಇಲ್ಲದಿದ್ರೆ ಪಕ್ಕದಲ್ಲಿ ಯಾರನ್ನೂ ಕೂರಿಸೋ ಹಾಗಿಲ್ಲ. ಮೇಲಿಂದ ಮೆಡಿಕಲ್, ಆರೋಗ್ಯ ಸರಿ ಇದೆ ಅನ್ನೋ ಡಾಕ್ಟರ ಸರ್ಟಿಫಿಕೇಟು. ಮಾರ್ಚ್ 31ಕ್ಕೆ ಮುಗಿಯುತ್ತೆ. ಇಂಚರಾಗೆ ಮಾತು ಬೇರೆ ಕೊಟ್ಟಿದಾರೆ — ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸು, ಏಪ್ರಿಲ್ ಮೊದಲ ಭಾನುವಾರ ಮೇಲೆ ಕರ್ಕೊಂಡು ಹೋಗ್ತೀನಿ ಅಂತ. ಮಗಳು ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದಾಳೆ.

ಫೆಬ್ರವರಿ 20, ಗುರುವಾರ

ಇವರಿಗೆ ಎದೆ ನೋವು. ಪಾಲಾರಿವಟ್ಟಂ ಮೆಟ್ರೋ ಮೆಟ್ಟಿಲು ಹತ್ತುವಾಗ ಬರುತ್ತೆ, ನಿಂತರೆ ಹೋಗುತ್ತೆ. ಈ ವಾರ ಮೂರನೇ ಸಲ. "ಗ್ಯಾಸು ಕಣೇ. ತಿಂಡಿಗೆ ಅಕ್ಕಿಪುಟ್ಟು ಜೊತೆ ಅಷ್ಟು ಕಡಲೆ ತಿಂದ್ನಲ್ಲ" ಅಂದ್ರು.

ಕೆಳಗಿನ ಫ್ಲ್ಯಾಟಲ್ಲೇ ಡಾಕ್ಟರ್ ಪ್ರೇಮ ಇದಾರೆ, ತೋರಿಸೋಣ ಬನ್ನಿ ಅಂದೆ. ಮುಖ ಇಷ್ಟಾಯ್ತು. "ತೋರಿಸಿದ್ರೆ ಕಾಗದದ ಮೇಲೆ ಬರುತ್ತೆ ಕಲ್ಯಾಣಿ. ಆಮೇಲೆ ಮೆಡಿಕಲ್ಲಲ್ಲಿ ಹೇಳ್ಲೇಬೇಕು. ಹೇಳಿದ್ರೆ ಅನ್‌ಫಿಟ್. ಇಂಚುಗೆ ಏನು ಹೇಳ್ಲಿ?"

ಕೋವಿಡ್ ಕಾಲದಲ್ಲಿ ಎರಡು ವರ್ಷ ಹಾರಿರಲಿಲ್ಲ. ಆ ಎರಡು ವರ್ಷ ಈ ಮನುಷ್ಯ ಊಟಕ್ಕೆ ಕರೆದ್ರೂ ಬಾಲ್ಕನಿ ಬಿಟ್ಟು ಬರ್ತಿರಲಿಲ್ಲ. ನಕ್ಕಿದ್ದೇ ನೆನಪಿಲ್ಲ. ಅದು ನಂಗೆ ಮತ್ತೆ ಬೇಡ.

"ಸರಿ, ಮೆಡಿಕಲ್ ಮುಗೀಲಿ. ಆಮೇಲೆ ತೋರಿಸೋಣ." ಹಾಗಂದಿದ್ದು ಇವರಲ್ಲ. ನಾನು.

ಮಾರ್ಚ್ 13, ಗುರುವಾರ

ಆನ್‌ಲೈನ್ ಫಾರಂ ತುಂಬಿದೆ. ಇವರಿಗೆ ಒಂದೂ ಪಾಸ್‌ವರ್ಡ್ ನೆನಪಿರಲ್ಲ, ಹಾಗಾಗಿ ಪ್ರತಿ ಸಲ ಇದು ನನ್ನ ಪಾಲಿನ ಕೆಲಸ. ಎದೆನೋವು ಇದೆಯಾ? — ಇಲ್ಲ. ಟಿಕ್. ಬ್ಯಾಂಕಲ್ಲಿ ಪಿನ್‌ಕೋಡ್ ತಪ್ಪಿದ್ರೂ ಫಾರಂ ವಾಪಸ್ ಕೊಡೋ ಮಹಾತಾಯಿ ನಾನು. ಹಗಲು ಕಂಡ ಬಾವಿಗೆ ಇರುಳು ಬಿದ್ದರಂತೆ ಅಂತ ಅಮ್ಮ ಅನ್ನೋರು. ಇವರು ಹಿಂದೆ ನಿಂತು ನೋಡ್ತಿದ್ರು. ಆಮೇಲೆ ಕಾಫಿ ಮಾಡಿ ತಂದುಕೊಟ್ರು.

ಮಾರ್ಚ್ 22, ಶನಿವಾರ

ಮೆಡಿಕಲ್ ಆಯ್ತು. ತಿರುವನಂತಪುರಕ್ಕೆ ನಾನೂ ಹೋಗಿದ್ದೆ. ಬಾಗಿಲ ತನಕ ಆಟೋ. ಮೆಟ್ಟಿಲು ಬೇಡ, ಲಿಫ್ಟು. ಅರ್ಧ ಗಂಟೆ ಕೂರಿಸಿ ಸುಧಾರಿಸ್ಕೊಂಡ ಮೇಲೇ ಒಳಗೆ ಕಳಿಸಿದ್ದು. ಇಸಿಜಿ ಸರಿಯಾಗೇ ಬಂತು.

ಡಾಕ್ಟರು ವಯಸ್ಸಾದವರು, ಒಳ್ಳೆ ಮನುಷ್ಯ. ಎರಡೆರಡು ಸಲ ಕೇಳಿದ್ರು. ನಡೆದಾಗ ಎದೆ ಹಿಡಿಯೋದು, ಸುಸ್ತು, ಏನಾದ್ರೂ ಇದ್ರೆ ಹೇಳಿ, ಓಡಿಸಿ ಟಿಎಂಟಿ ಮಾಡಿ ನೋಡೋಣ, ಸಂಕೋಚ ಬೇಡ ಅಂದ್ರು. ಇವರು ನನ್ನ ಕಡೆ ನೋಡಿದ್ರು.

"ಏನೂ ಇಲ್ಲ ಡಾಕ್ಟ್ರೇ, ನಂಗಿಂತ ಗಟ್ಟಿ" ಅಂದು ನಕ್ಕೆ.

ಫಿಟ್. ಹೊರಗೆ ಬಂದು ಎರಡು ಪಳಂಪೊರಿ, ಅದೇ ಬಾಳೆಹಣ್ಣಿನ ಬಜ್ಜಿ, ತಿಂದ್ರು, ಟೀ ಕುಡಿದ್ರು. ಅವರ ಸಂತೋಷ ನೋಡಿ ನಂಗೂ ಸಂತೋಷ ಆಯ್ತು. ಸುಳ್ಳು ಯಾಕೆ ಹೇಳ್ಲಿ, ಆಯ್ತು.

ಏಪ್ರಿಲ್ 6, ಭಾನುವಾರ, ಸಂಜೆ, ವಾಪಸ್ ಟ್ರೈನಲ್ಲಿ

ಅಪ್ಪ ಮಗಳು ಹಾರಿ ಬಂದ್ರು! ನಾನು ಕೆಳಗೆ ಇನ್‌ಸ್ಟ್ರಕ್ಟರ್ ಕ್ಯಾಪ್ಟನ್ ಅಲ್ವಿನ್ ಪಕ್ಕ ನಿಂತು ಉಗುರು ಕಚ್ತಿದ್ದೆ. "ಪೇಡಿಕ್ಕೇಂಡ ಚೇಚಿ, ಸಾರ್ ಕೈ ವಿಮಾನ ಮೆತ್ತಗೆ ಇಳಿಸೋ ಕೈ" ಅಂದ್ರು. ಹೆದರಬೇಡಿ ಅಕ್ಕಾ ಅಂತ.

ಇಂಚು ಇಳಿದವಳೇ ಓಡಿ ಬಂದ್ಲು. ವಿಳಿಂಜಂ ಬಂದರಿನ ಕ್ರೇನು ಆಟದ ಸಾಮಾನಿನ ಥರ ಕಾಣುತ್ತಂತೆ, ಮೀನಿನ ದೋಣಿ ಅಕ್ಕಿಕಾಳಂತೆ. ಎಲ್ಲಾ ಮಲಯಾಳದಲ್ಲೇ, ಒಂದೇ ಉಸಿರಿಗೆ. ಹದಿನಾರರ ಹುಡುಗಿ, ಎಲ್ಲರೆದುರು ಅಪ್ಪನ್ನ ತಬ್ಬಿಕೊಂಡ್ಲು. ಈಗ ಎದುರಿನ ಸೀಟಲ್ಲಿ ಅವರ ಹೆಗಲ ಮೇಲೆ ನಿದ್ದೆ ಹೋಗಿದಾಳೆ. ಇವರು ಅಲ್ಲಾಡದೆ ಕೂತಿದಾರೆ. ಇನ್ನೇನು ಬೇಕು ನಂಗೆ.

ಬರೋ ವಾರ ಡಾಕ್ಟರ್ ಪ್ರೇಮಗೆ ತೋರಿಸೋದು. ಈ ವಾರ ಬ್ರಾಂಚಲ್ಲಿ ಆಡಿಟ್.

ಏಪ್ರಿಲ್ 15, ಮಂಗಳವಾರ

ಪ್ರೇಮ ವಿಷು ಹಬ್ಬಕ್ಕೆ ತೃಶೂರಿಗೆ ಹೋಗಿದಾರೆ. ಬರೋದು ಮುಂದಿನ ಬುಧವಾರವಂತೆ. ಬೇರೆ ಡಾಕ್ಟರ ಹತ್ರ ಹೋಗೋಣ ಅಂದೆ. "ಇಷ್ಟು ದಿನ ಕಾದಿಲ್ವಾ, ಬುಧವಾರ ಹೋದ್ರಾಯ್ತು" ಅಂದ್ರು. ಸರಿ, ಬುಧವಾರ ಖಂಡಿತ.

ಮೇ 18, ಭಾನುವಾರ, ಬೆಳಿಗ್ಗೆ

ಬುಧವಾರ ಬರಲಿಲ್ಲ. ಮಂಗಳವಾರವೇ ಇವರು ಹೋಗ್ಬಿಟ್ರು. ಅದೇ ಮೆಟ್ರೋ ಮೆಟ್ಟಿಲು. ಯಾರೋ ನೀರು ಕೊಟ್ರಂತೆ, ಕುಡೀಲಿಲ್ಲವಂತೆ. ಆಸ್ಪತ್ರೆಯಲ್ಲಿ ನನ್ನ ಕೈಗೆ ವಾಚು, ಕನ್ನಡಕ, ಬೆಲ್ಟು ಕೊಟ್ರು.

ಇವರು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಅಯ್ಯೋ, ಏನು ಮಾಡಿಬಿಟ್ಟೆ ನಾನು.

ಬಂದವರೆಲ್ಲ ಕೇಳಿದ್ರು, ಮುಂಚೆ ಏನೂ ಸೂಚನೆ ಇರಲಿಲ್ವಾ. ಪ್ರೇಮನೂ ಕೇಳಿದ್ರು. ಇಲ್ಲ ಅಂದೆ. ಇಂಚು ಪಕ್ಕದಲ್ಲೇ ಕೂತಿದ್ಲು.

ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತಿದಾಳೆ. ಆ ಮೆಡಿಕಲ್ ಡಾಕ್ಟರ ಮೇಲೆ ದೂರು ಬರೀತಿದಾಳೆ. ಹೋಗೋಕೆ ಒಂದೇ ತಿಂಗಳ ಮುಂಚೆ ಫಿಟ್ ಅಂತ ಸಹಿ ಹಾಕಿದ್ದು ಹೇಗೆ, ಸರಿಯಾಗಿ ನೋಡಿದ್ರೆ ಅಪ್ಪ ಬದುಕಿರ್ತಿದ್ರು ಅಂತ. ನಾಲ್ಕು ಪುಟ. ಇಂಗ್ಲಿಷಲ್ಲಿ. ಚೆನ್ನಾಗಿ ಬರೆದಿದಾಳೆ. "ಅಮ್ಮಾ, ನೀ ಸೈನ್ ಮಾಡ್ಬೇಕು" ಅಂದ್ಲು. ಎರಡೆರಡು ಸಲ ಕೇಳಿದ್ರು ಆ ಪುಣ್ಯಾತ್ಮ.

ನಾಳೆ ಮಾಡ್ತೀನಿ ಅಂದೆ.

ಮೇ 20, ಮಂಗಳವಾರ, ಮಧ್ಯಾಹ್ನ

ರಜೆ ಹಾಕಿದೀನಿ. ತಿಂಡಿ ಆದ ಮೇಲೆ ಹೇಳಿದೆ. ಸಹಿ ಹಾಕಲ್ಲ ಮಗಳೇ, ಡಾಕ್ಟರದ್ದೇನೂ ತಪ್ಪಿಲ್ಲ, ಅಪ್ಪಂಗೆ ನೋವಿತ್ತು, ನಾವು ಮುಚ್ಚಿಟ್ವಿ ಅಂತ.

"ಅಮ್ಮಕ್ಕ್ ಅರಿಯಾಮಾಯಿರುನ್ನೋ?" ನಿಂಗೆ ಗೊತ್ತಿತ್ತಾ ಅಂತ.

ಗೊತ್ತಿತ್ತು ಅಂದೆ. ಫಾರಂ ತುಂಬಿದ್ದು ನಾನು, ಡಾಕ್ಟರ ಮುಂದೆ ನಕ್ಕಿದ್ದು ನಾನು. ಯಾವಾಗಿಂದ ಅಂದ್ಲು. ಫೆಬ್ರವರಿಯಿಂದ ಅಂದೆ. ಅಳ್ತಾಳೆ, ಕಿರುಚ್ತಾಳೆ ಅಂದ್ಕೊಂಡಿದ್ದೆ. ಅಳಲಿಲ್ಲ. ತಟ್ಟೆ ನೋಡ್ತಾ ಏನೋ ಲೆಕ್ಕ ಹಾಕ್ತಾ ಕೂತ್ಲು. ಆಮೇಲೆ ಮೆತ್ತಗೆ ಕೇಳಿದ್ಲು — "ಅಪ್ಪೋ... ಞಾನ್ ಕೂಡೆ ಪೋಯ ದಿವಸವುಂ?" ಹಾಗಾದ್ರೆ, ನಾನು ಜೊತೇಲಿ ಹಾರೋಕೆ ಹೋದ ದಿನಾನೂ ಅಂತ.

ಆ ದಿನ ಬೆಳಿಗ್ಗೆ ತಿರುವನಂತಪುರ ಸ್ಟೇಷನ್ನಲ್ಲಿ ಇವರು ಬ್ಯಾಗ್ ಕೆಳಗಿಟ್ಟು ಕಂಬ ಹಿಡ್ಕೊಂಡು ನಿಂತಿದ್ರು. ಹಣೆಯಲ್ಲಿ ಬೆವರು. ಇಂಚು ನೀರಿನ ಬಾಟಲ್ ತರೋಕೆ ಹೋಗಿದ್ಲು. ಅವಳಿಗೆ ಕಾಣದಿರಲಿ ಅಂತ ನಾನು ಅಡ್ಡ ನಿಂತೆ. ಐದು ನಿಮಿಷಕ್ಕೆ ಸರಿಹೋಯ್ತು. ಹೋಗಬೇಡಿ ಅನ್ನಲಿಲ್ಲ ನಾನು. ಅವರ ಪಕ್ಕದಲ್ಲಿ ಅವಳನ್ನ ಕೂರಿಸಿ ಬೆಲ್ಟ್ ಬಿಗಿಯಾಗಿದೆಯಾ ಅಂತ ಎಳೆದು ನೋಡ್ದೆ. ಇದನ್ನ ಆ ದಿನ ಇಲ್ಲಿ ಬರೆದಿರಲಿಲ್ಲ. ಯಾರೂ ಓದದ ಡೈರೀಲೂ ಬರೆದಿರಲಿಲ್ಲ.

ಹೌದು ಪುಟ್ಟಾ ಅಂದೆ. ಆ ದಿನಾನೂ.

ಎದ್ದು ಹೋಗಿ ಬಾಗಿಲು ಹಾಕ್ಕೊಂಡ್ಲು. ಎರಡು ಗಂಟೆ ಆಯ್ತು. ಬಾಗಿಲಾಚೆ ಕೂತೇ ಇದನ್ನ ಬರೀತಿದೀನಿ. ಊಟಕ್ಕೆ ಕರೆದೆ. ಈಗ ಒಳಗೆ ಬೀರು ತೆಗೆದ ಸದ್ದು. ಬ್ಯಾಗಿನ ಜಿಪ್ಪು. ಇಂಚೂ, ಎಲ್ಲಿಗೆ ಅಂತ ಕೇಳಿದೆ. ಚಿಲಕ ತೆಗೀತಿದಾಳೆ, ನಾನು ಏಳ್ತೀನಿ.